ಕಡಜದ ಕಾಗದದ ಗೂಡು

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ತೋಟಗಳಲ್ಲಿ ಕಾಣುವ ಕಡಜದ ಗೂಡು ಇದು. ಹೆಣ್ಣು ಕಡಜಗಳು ಒಣಮರದ ನಾರು ಹೆರೆದು, ಜೊಲ್ಲಿನಲ್ಲಿ ಕಲಸಿ ಈ ಕಾಗದ ಮಾಡುತ್ತವೆ. ಆರು ಮೂಲೆಯ ಕೋಣೆಗಳು ಮರಿ ಸಾಕಲಿಕ್ಕೆ. ಗೂಡಿನ ಬಾಳು ಸಾಮಾನ್ಯವಾಗಿ ಕೆಲವೇ ತಿಂಗಳು.

ಮೇಲಿನ ತೊಟ್ಟನ್ನು ನೋಡಿ. ಇಡೀ ಗೂಡು ತೂಗುವುದು ಅದೊಂದರಿಂದಲೇ. ಇರುವೆ ಇಳಿಯದಂತೆ ಕಡಜ ತನ್ನ ಮೈಯ ಸ್ರಾವವನ್ನು ಅದಕ್ಕೆ ಸವರುತ್ತದೆ. ಎಂಥ ಜಾಣ ಕೆಲಸ!

ಮಾಗಿದ ದ್ರಾಕ್ಷಿ, ಪೇರಲದ ಸಿಪ್ಪೆ ಕಚ್ಚಿ ಕಡಜ ರಸ ಹೀರುತ್ತದೆ. ಗಾಯವಾದಲ್ಲಿ ಹಣ್ಣು ಕೊಳೆಯುತ್ತದೆ. ಮರಿಗಳಿಗೆ ಮಾತ್ರ ಎಲೆ ತಿನ್ನುವ ಹುಳುಗಳನ್ನು ಜಗಿದು ಉಣಿಸುತ್ತದೆ. ಹಾಗಾಗಿ ಗೂಡು ಸುಡುವುದಕ್ಕಿಂತ ಹಣ್ಣಿಗೆ ಚೀಲ ಕಟ್ಟುವುದು ಲೇಸು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಅಭ್ಯಾಸ ಮಾಡಿದ ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಡಜವೂ ಇದೇ ಬಳಗದ್ದು.