ದುಬಾರಿ ಬೇಸ್ ಗಿಟಾರ್ ಕೊಳ್ಳುವ ಮುನ್ನ ಈ ಅಂಶಗಳು ಗಮನದಲ್ಲಿರಲಿ

ಮುಂಬೈನ ಪರೇಲ್ ಎಂದರೆ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಪ್ರದೇಶ. ವಿ. ಶಾಂತಾರಾಂ 1942ರಲ್ಲಿ ಸ್ಥಾಪಿಸಿದ ರಾಜಕಮಲ್ ಸ್ಟುಡಿಯೋ ಇರುವುದೂ ಇಲ್ಲೇ. ಪಕ್ಕದ ಲೋವರ್ ಪರೇಲ್‌ನ ಹಳೆಯ ಗಿರಣಿ ಆವರಣದಲ್ಲಿ 2007ರಲ್ಲಿ ಆರಂಭವಾದ ಬ್ಲೂ ಫ್ರಾಗ್ ಕ್ಲಬ್, 2016ರಲ್ಲಿ ಬಾಗಿಲು ಮುಚ್ಚುವವರೆಗೂ ಬ್ಯಾಂಡ್‌ಗಳ ನೆಚ್ಚಿನ ವೇದಿಕೆಯಾಗಿತ್ತು. ಇಂಥ ನಗರದಲ್ಲಿ ನುಡಿಸುವವರು ಒಂದೆರಡು ವರ್ಷ ಕಲಿತ ಬಳಿಕ ಒಳ್ಳೆಯ ಬೇಸ್ ಗಿಟಾರ್‌ಗಾಗಿ ಲಕ್ಷ, ಎರಡು ಲಕ್ಷ ರೂಪಾಯಿ ಎತ್ತಿಡುವುದುಂಟು. ಕೈಯಲ್ಲಿ ಹಣವಿದ್ದಾಗ ಹೆಸರು ನೋಡಿ ಕೊಂಡು ಆಮೇಲೆ ಪರಿತಪಿಸುವವರೇ ಹೆಚ್ಚು. ಹಾಗಾಗದಿರಲು ಏನು ನೋಡಬೇಕು? ಇಲ್ಲಿದೆ ಮಾಹಿತಿ.

ಮೂರು ಮುಖ್ಯ ಮಾದರಿಗಳು

ಇಂದಿನ ಬಹುತೇಕ ಬೇಸ್ ಗಿಟಾರ್‌ಗಳು ಮೂರು ಹಳೆಯ ಮಾದರಿಗಳ ಸಂತತಿ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನದು ದಪ್ಪ, ನೇರ ನಾದ. ಸಿನಿಮಾ ಹಾಡು, ರಾಕ್‌ಗೆ ಹೊಂದುತ್ತದೆ. 1960ರ ಜಾಝ್ ಬೇಸ್‌ಗೆ ಎರಡು ಪಿಕಪ್‌ಗಳಿದ್ದು, ನಾದವನ್ನು ಹಲವು ಬಗೆಯಲ್ಲಿ ಬದಲಿಸಬಹುದು. ಅದರ ಕುತ್ತಿಗೆ ತುದಿಯಲ್ಲಿ ಸುಮಾರು 38 ಮಿ.ಮೀ. ಅಗಲವಷ್ಟೇ ಇರುವುದರಿಂದ ಚಿಕ್ಕ ಕೈಗಳಿಗೆ ಹಿತ. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬ್ಯಾಟರಿ ಬಳಸುವ ಆ್ಯಕ್ಟಿವ್ ಮಾದರಿ, ನಾದ ಚುರುಕು.

ಆ್ಯಕ್ಟಿವ್ ಗಿಟಾರ್ ಕೊಂಡವರು ನುಡಿಸಿದ ಬಳಿಕ ಕೇಬಲ್ ಕಿತ್ತಿಡುವ ಅಭ್ಯಾಸ ಮಾಡಿಕೊಳ್ಳಬೇಕು. ಇಲ್ಲದಿದ್ದರೆ 9 ವೋಲ್ಟ್ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ.

ನಾಲ್ಕು ತಂತಿಯೋ, ಐದೋ?

ನಾಲ್ಕು ತಂತಿಯ ಗಿಟಾರ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್. ಐದನೇ ತಂತಿ ಅದನ್ನು ಸುಮಾರು 31 ಹರ್ಟ್ಜ್‌ಗೆ ಇಳಿಸುತ್ತದೆ. ಗಾಯಕರ ಶ್ರುತಿಗೆ ತಕ್ಕಂತೆ ಹಾಡನ್ನು ಇಳಿಸಿ ನುಡಿಸಬೇಕಾದ ಆರ್ಕೆಸ್ಟ್ರಾ ಕಲಾವಿದರಿಗೆ ಐದು ತಂತಿ ಅನುಕೂಲ. ಆದರೆ ಆ ದಪ್ಪ ತಂತಿ ಸಡಿಲವಾಗಿ ಗುಂಯ್‌ಗುಡದೆ ಸ್ಪಷ್ಟವಾಗಿ ಕೇಳಬೇಕು. ಸಾಮಾನ್ಯ ತಂತಿ ಉದ್ದ 34 ಇಂಚು. ಕೈ ಚಿಕ್ಕದಿದ್ದರೆ 30 ಇಂಚಿನವೂ ಸಿಗುತ್ತವೆ.

ಅಂಗಡಿಯಲ್ಲಿ ಏನು ಪರೀಕ್ಷಿಸಬೇಕು?

ಧೋಬಿ ತಲಾವ್‌ನ ಫುರ್ಟಾಡೋಸ್‌ನಂತಹ ಹಳೆಯ ಅಂಗಡಿಗಳು ಪರೇಲ್‌ನಿಂದ ದೂರವೇನಲ್ಲ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವುದಕ್ಕಿಂತ ನುಡಿಸಿ ಕೊಳ್ಳುವುದೇ ಲೇಸು.

* ಪ್ರತಿ ತಂತಿಯನ್ನೂ ಪ್ರತಿ ಮನೆಯಲ್ಲೂ ಒತ್ತಿ ನುಡಿಸಿ. ಮೇಲಿನ ತಂತಿಯ ಐದರಿಂದ ಏಳನೇ ಮನೆಯ ಆಸುಪಾಸಿನಲ್ಲಿ ಸ್ವರ ಬೇಗ ಸಾಯುತ್ತದೆಯೇ ನೋಡಿ. ಒಂದೇ ಮಾದರಿಯ ಎರಡು ಗಿಟಾರ್‌ಗಳಲ್ಲೂ ಈ ವ್ಯತ್ಯಾಸ ಇರುತ್ತದೆ.
* ಪಟ್ಟಿ ಹಾಕಿಕೊಂಡು ನಿಂತು ಕೈ ಬಿಡಿ. ತಲೆಭಾಗ ಕೆಳಕ್ಕೆ ಜಗ್ಗಿದರೆ ಎಡಭುಜಕ್ಕೆ ನೋವು ಖಚಿತ.
* ತೂಕ ಕೇಳಿ. ನಾಲ್ಕು ಕೆ.ಜಿ. ದಾಟಿದ ಗಿಟಾರ್ ಲೋಕಲ್ ರೈಲಿನಲ್ಲಿ ಹೊತ್ತು ತಿರುಗುವವರಿಗೆ ಭಾರ.
* ಎಫೆಕ್ಟ್‌ಗಳಿಲ್ಲದೆ, ಸಾದಾ ಆಂಪ್‌ನಲ್ಲಿ ಕೇಳಿ.

ಮಳೆಗಾಲವೇ ಪರೀಕ್ಷೆ

ಮುಂಬೈನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಮರ ಉಬ್ಬಿ ಕುತ್ತಿಗೆ ಬಾಗುತ್ತದೆ. ಒಳಗಿನ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಗೊತ್ತಿಲ್ಲದಿದ್ದರೆ ತಂತ್ರಜ್ಞರಿಗೇ ಕೊಡಿ. ನುಡಿಸಿದ ಮೇಲೆ ತಂತಿಯ ಬೆವರು ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ.

ಬೆರಳು ಆಡುವ ಪಟ್ಟಿಗೆ ಹೆಚ್ಚಾಗಿ ಬಳಸುವ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಒಂದು. ಬೀಟೆ ಜಾತಿಯ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ಕಟ್ಟುನಿಟ್ಟಿನ ನಿಯಮ ಬಂದಿತ್ತು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ.

ಪೂರ್ತಿ ಹಣ ಗಿಟಾರ್‌ಗೇ ಬೇಡ

ಇಟ್ಟ ಹಣದಲ್ಲಿ ಕಾಲುಭಾಗವಾದರೂ ಆಂಪ್, ಗಟ್ಟಿ ಪೆಟ್ಟಿಗೆ, ತಂತಿ ಮತ್ತು ಸೆಟಪ್‌ಗೆ ಉಳಿಸಿ. ಬೇಸ್‌ನ ಕೆಳಸ್ವರ ಗೋಡೆ ದಾಟಿ ನೆರೆಮನೆ ತಲುಪುತ್ತದೆ. ಹಾಗಾಗಿ ಚಾಳು, ಫ್ಲ್ಯಾಟ್‌ಗಳಲ್ಲಿ ಇರುವವರಿಗೆ ಹೆಡ್‌ಫೋನ್ ಸೌಲಭ್ಯವಿರುವ ಸಣ್ಣ ಆಂಪ್ ಬೇಕೇ ಬೇಕು. ಎರಡು ಗಿಟಾರ್‌ಗಳ ನಡುವೆ ಮನಸ್ಸು ತೂಗಾಡಿದರೆ, ಅರ್ಧ ಗಂಟೆ ನುಡಿಸಿದ ಮೇಲೂ ಕೈ ನೋಯದ್ದನ್ನೇ ಮನೆಗೆ ತನ್ನಿ.