ರಾಯಣ್ಣನ ಕಥೆ ಹೊತ್ತ ಡಪ್ಪು

ಒಂದು ಮರದ ಬಳೆ, ಅದರ ಒಂದು ಬದಿಗೆ ಬಿಗಿದ ಆಡಿನ ತೊಗಲು. ಇನ್ನೊಂದು ಬದಿ ಬಯಲು. ಡಪ್ಪು ಎಂದರೆ ಇಷ್ಟೇ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಇದಿಲ್ಲದೆ ಗೀಗೀ ಮೇಳ ಕಟ್ಟುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕೇಳಿಬರುವ ಚೌಡಿಕೆ ತಂತಿ ಮೀಟುವ ವಾದ್ಯ. ಅದರ ದಾರಿ ಬೇರೆ.

ಎಡಗೈಯಲ್ಲಿ ಬಳೆ ಹಿಡಿದು ಎದೆಮಟ್ಟಕ್ಕೆ ಎತ್ತಿ ನಿಂತೇ ಡಪ್ಪು ಬಾರಿಸಬೇಕು. ಬಲಗೈ ಬೆರಳು ಅಂಚಿಗೆ ಬಿದ್ದರೆ ಗಡುಸಾದ ಸಣ್ಣ ನಾದ, ಅಂಗೈ ನಡುವಿಗೆ ಬಿದ್ದರೆ ತುಂಬಿದ ದನಿ. ಜೊತೆಗೆ ತುಂತುಣಿ, ತಾಳ. ಕಥೆ ಹೇಳುವಾಗ ಪೆಟ್ಟು ಹಗುರ. ಕೂತ ಜನಕ್ಕೆ ಮಾತು ಕೇಳಬೇಕಲ್ಲ! ನುಡಿ ಮುಗಿದು ಹಿಮ್ಮೇಳ ‘ಗೀಯ ಗೀ’ ಎಂದು ಎತ್ತಿಕೊಂಡಾಗ ಡಪ್ಪಿನ ಕೈ ಬಿಚ್ಚುತ್ತದೆ. ಈ ಸೊಲ್ಲಿನಿಂದಲೇ ಪದಕ್ಕೆ ಗೀಗೀ ಎಂಬ ಹೆಸರು. ಗಂಡು ಹೆಚ್ಚೆನ್ನುವ ಹರದೇಶಿ, ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳಗಳು ಎದುರುಬದುರಾದರೆ ಬೆಳಗಿನವರೆಗೂ ಸವಾಲು-ಜವಾಬು ನಡೆಯುತ್ತದೆ.

ಡಪ್ಪಿಗೆ ಇತಿಹಾಸದಲ್ಲಿ ಸ್ಥಾನ ಸಿಕ್ಕಿದ್ದು ಕಿತ್ತೂರಿನಿಂದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಮತ್ತೆ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಸರ್ಕಾರದ ಕಾಗದದಲ್ಲಿ ಆತ ದಂಗೆಕೋರ. ಓದು ಬಾರದ ಹಳ್ಳಿಗರಿಗೆ ಆತ ವೀರನಾಗಿ ಉಳಿದದ್ದು ಲಾವಣಿಯಿಂದ.

ಸೋಜಿಗವೆಂದರೆ, ಆ ಲಾವಣಿಯನ್ನು ಅಚ್ಚಿಗೆ ತಂದವನೂ ಆಂಗ್ಲ ಅಧಿಕಾರಿಯೇ. ಶಾಸನತಜ್ಞ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ. ರಾಯಣ್ಣನ ಲಾವಣಿಯೂ ಹಲಗಲಿ ಬೇಡರ ಲಾವಣಿಯೂ ಅವುಗಳಲ್ಲಿವೆ. ಮಾತು ಹೀಗೆ ಉಳಿಯಿತು. ಡಪ್ಪಿನ ಪೆಟ್ಟು ಮಾತ್ರ ಕಾಗದಕ್ಕೆ ಇಳಿಯಲಿಲ್ಲ. ಅದು ಕೈಯಿಂದ ಕೈಗೆ ಬಂದದ್ದು.

ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ರಾಮದುರ್ಗ ಸೀಮೆಯ ಹುಲಕುಂದದ ಭೀಮಕವಿ ಗೀಗೀ ಪದಗಳಲ್ಲಿ ದೇಶದ ಸುದ್ದಿ ಹಾಡಿದ. ಪತ್ರಿಕೆ ತಲುಪದ ಊರಿಗೆ ಡಪ್ಪು ತಲುಪುತ್ತಿತ್ತು.

ಥಂಡಿಗೆ ತೊಗಲು ಸಡಿಲಾದರೆ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಆ ಕಾಟ ಬೇಡವೆಂದು ಈಗ ಹಲವರು ಫೈಬರ್ ಹಾಳೆ ಬಿಗಿದ ಡಪ್ಪು ಹಿಡಿಯುತ್ತಾರೆ. ಮೈಕಿನ ಮುಂದೆ ಅದು ಚೆನ್ನಾಗಿಯೇ ಕೇಳುತ್ತದೆ. ಅಂಗೈ ಪೆಟ್ಟಿನ ಆ ತುಂಬಿದ ದನಿ ಮಾತ್ರ ಅದರಲ್ಲಿ ಏಳುವುದಿಲ್ಲ.