ಸ್ಕ್ರಾಲ್ ಲಾಕ್ ಒತ್ತಿದರೆ ಕನ್ನಡ

ನಿನ್ನೆ ಹಳೇ ಸಿಡಿಯೊಂದರಲ್ಲಿ ಒಂದು ಫೈಲ್ ಸಿಕ್ತು. ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದು ನಮ್ಮ ಏಪ್ರಿಲ್ 14ರ ಕರಪತ್ರ ಗೆಳೆಯರೇ.

ವಿಂಡೋಸ್ 98ಕ್ಕೆ ಕನ್ನಡ ಗೊತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಅದರ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ಆಗ ಎರಡೂ ಪುಕ್ಕಟೆ ಸಿಗ್ತಿದ್ವು. ನಮಗೆ ಅದೇ ದೊಡ್ಡದು. ಯಾಕಂದ್ರೆ ಡಿಟಿಪಿ ಅಂಗಡಿಯವನು ಕೇರಿಯವರ ಕರಪತ್ರ ಅಂದ್ರೆ ಸಾಕು, "ನಾಳೆ ಬಾ" ಅಂತಿದ್ದ. ಆ ನಾಳೆ ಬರ್ತಾನೇ ಇರಲಿಲ್ಲ.

ಚಂದಾ ಎತ್ತಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದ್ವಿ. ನುಡಿ ಸಿಡಿ ಹಾಕಿ, ಸೆಟಪ್ ಒತ್ತಿ, ರೀಸ್ಟಾರ್ಟ್ ಮಾಡಿ, ಸ್ಕ್ರಾಲ್ ಲಾಕ್ ಒತ್ತಿದೆ. ಮೊದಲು ಟೈಪಿಸಿದ್ದು 'ಜೈ ಭೀಮ್'. ಹುಡುಗರೆಲ್ಲ ಮಾನಿಟರ್ ಮುಟ್ಟಿ ಮುಟ್ಟಿ ನೋಡಿದ್ರು.

ಒಳಗುಟ್ಟು ಆಮೇಲೆ ತಿಳೀತು. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ರು. ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. 2001ರ ವಿಂಡೋಸ್ ಎಕ್ಸ್‌ಪಿಗೆ ಯುನಿಕೋಡ್ ಕನ್ನಡ ಬಂತು. ಅದಕ್ಕೂ ಭಾಷೆಯ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಿ, ವಿಂಡೋಸ್ ಸಿಡಿ ತುರುಕಬೇಕಿತ್ತು. ನಮ್ಮ ಹಳೇ ಯಂತ್ರಕ್ಕೆ ಎಕ್ಸ್‌ಪಿ ಹೊರುವ ಶಕ್ತಿಯೇ ಇರಲಿಲ್ಲ.

1920ರಲ್ಲಿ ಬಾಬಾಸಾಹೇಬರು ತಮ್ಮ ಪತ್ರಿಕೆಗೆ 'ಮೂಕನಾಯಕ' ಅಂತ ಹೆಸರಿಟ್ರು. ನಾವು ಕಷ್ಟಪಟ್ಟು ಟೈಪಿಸಿದ ಮಾತು ಫ್ಲಾಪಿ, ಸಿಡಿಗಳಲ್ಲಿ ಮತ್ತೆ ಮೂಕವಾಗಬಾರದು. ನಿಮ್ಮ ಅಟ್ಟದಲ್ಲಿ ಹಳೇ ಕರಪತ್ರ, ವರದಿ, ಮನವಿಗಳ ಫೈಲ್ ಇದ್ರೆ ಈ ವಾರವೇ ಯುನಿಕೋಡ್‌ಗೆ ಪರಿವರ್ತಿಸಿ ಇಡಿ. ನಮ್ಮ ಚರಿತ್ರೆಯನ್ನ ಬೇರೆಯವರು ಕಾಪಾಡಿದ್ದು ನಾನಂತೂ ಕಂಡಿಲ್ಲ.

ಜೈ ಭೀಮ್.